ಸದ್ದು ಮಾಡುವ ದೀಪ

ನಮ್ಮ ಮನೆಯ ಮುಂದಿನ ಕೋಣೆಗೆ ಹಾಲ್ ಎಂದು ಹೆಸರಿಟ್ಟವರು ನಾವೇ. ಬೇರೆ ಯಾರ ಕಣ್ಣಿಗೂ ಅದು ಹಾಗೆ ಕಾಣುತ್ತಿರಲಿಲ್ಲ. ಜೆ.ಪಿ. ನಗರದ ಅಗಲವಾದ ರಸ್ತೆಗಳು ಮರದ ನೆರಳಲ್ಲಿ ನೆಟ್ಟಗೆ ಬಂದು, ಸಾರಕ್ಕಿ ಊರೊಳಗೆ ಕಾಲಿಟ್ಟ ಕೂಡಲೇ ಮೈ ಕುಗ್ಗಿಸಿಕೊಂಡು ಗಲ್ಲಿಗಳಾಗುತ್ತವಲ್ಲ, ಅಂಥದೊಂದು ಗಲ್ಲಿಯಲ್ಲಿ, ತಾತನ ಜಾಗದಲ್ಲಿ ಅಪ್ಪ ಕಟ್ಟಿಸಿದ ಎರಡು ಕೋಣೆಯ ಮನೆ ಅದು. ಹಿಂದಿನದು ಅಡುಗೆಗೆ, ಮುಂದಿನದು ಉಳಿದೆಲ್ಲಕ್ಕೆ. ಉಣ್ಣುವುದು, ಮಲಗುವುದು, ಜಗಳವಾಡುವುದು, ನೆಂಟರನ್ನು ಕೂರಿಸುವುದು, ಅಜ್ಜಿ ಸೊಪ್ಪು ಬಿಡಿಸುವುದು, ಎಲ್ಲ ಅಲ್ಲೇ. ಗೋಡೆಗೆ ತಿಳಿ ಹಸಿರು ಡಿಸ್ಟೆಂಪರ್. ಅದರ ಮೇಲೆ ಬುದ್ಧನದೊಂದು ಪಟ, ಬನಶಂಕರಮ್ಮನದೊಂದು ಪಟ. ಅಪ್ಪನಿಗೆ ಅವನು, ಅಜ್ಜಿಗೆ ಅವಳು, ಇಬ್ಬರಿಗೂ ಸೇರಿ ಒಂದೇ ಊದುಬತ್ತಿ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್ ಆಗಿದ್ದ. ಅಲ್ಲಿ ದಿನವಿಡೀ ಬೇರೆಯವರ ಕುರ್ಚಿ ಒರೆಸುತ್ತಿದ್ದವನು ಮನೆಗೆ ಬಂದರೆ ಗೋಡೆಗೊರಗಿ ನೆಲದ ಮೇಲೆ ಕೂರುತ್ತಿದ್ದ. ನಮಗೆ ಕುರ್ಚಿ ಬಂದದ್ದು ಬಹಳ ತಡವಾಗಿ.

ಆ ಕೋಣೆಯ ಸೂರಿನ ನಡುವೆ ಒಂದು ಕಬ್ಬಿಣದ ಕೊಂಡಿಯಿತ್ತು. ಮೋಲ್ಡ್ ಹಾಕುವ ದಿನ ಅಜ್ಜಿ, ಅಂದರೆ ಅಪ್ಪನ ತಾಯಿ, ಮೇಸ್ತ್ರಿಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತು ಅದನ್ನು ಹಾಕಿಸಿದಳಂತೆ. ಮೇಸ್ತ್ರಿ, ಫ್ಯಾನಿಗಾ ಅಜ್ಜಿ, ಎಂದು ಕೇಳಿದನಂತೆ.

"ತೊಟ್ಟಿಲಿಗೆ ಕಣಪ್ಪ. ಫ್ಯಾನಿಲ್ದೆ ಜನ ಬದುಕವ್ರೆ. ತೊಟ್ಟಿಲಿಲ್ದೆ ಮನೆ ಬದುಕಾಕಿಲ್ಲ."

ಆ ಕೊಂಡಿಗೆ ಕಟ್ಟಿದ ತೊಟ್ಟಿಲಲ್ಲಿ ನಾನು ಆಡಿದೆ. ನನ್ನ ನಂತರ ಬಹಳ ವರ್ಷ ಅದು ಖಾಲಿಯಿತ್ತು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಅಷ್ಟೆ. ಕೊನೆಗೆ ತಮ್ಮ ಹುಟ್ಟಿದ. ಅಜ್ಜಿ ಹಗ್ಗ ಬಿಚ್ಚಿಸಿ, ಕೊಂಡಿಗೆ ಅರಿಶಿನ ಹಚ್ಚಿ, ಪಕ್ಕದ ಮನೆಯ ನಂಜಮ್ಮನನ್ನು ಕರೆದು ಜೋಗುಳ ಹಾಡಿಸಿದಳು. ತಮ್ಮ ಮಗುಚಿಕೊಳ್ಳುವುದನ್ನು ಕಲಿತ. ಅಂಬೆಗಾಲಿಡುವುದನ್ನು ಕಲಿಯಲಿಲ್ಲ. ಜ್ವರ ಬಂತು, ಆಸ್ಪತ್ರೆಗೆ ಹೋದರು, ವಾಪಸು ಬರುವಾಗ ಅಮ್ಮನ ಕೈ ಖಾಲಿಯಿತ್ತು. ಖಾಲಿ ತೊಟ್ಟಿಲು ತೂಗಬಾರದು, ಗಾಳಿಗೂ ತೂಗಬಾರದು ಎಂದು ಅಜ್ಜಿ ಅದನ್ನು ಆ ವಾರವೇ ಬೇಗೂರಿನ ನೆಂಟರಿಗೆ ಕೊಟ್ಟು ಕಳಿಸಿದಳು. ಕೊಂಡಿ ಮಾತ್ರ ಉಳಿಯಿತು.

ಅಮ್ಮ ಅದರ ಕೆಳಗೆ ಚಾಪೆ ಹಾಸಿಕೊಂಡು ಮಲಗತೊಡಗಿದಳು. ರತ್ನ ಎಂದು ಅವಳ ಹೆಸರು. ಗಲ್ಲಿಯ ನಲ್ಲಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದವಳು, ನಂಜಮ್ಮನಂಥ ನಂಜಮ್ಮನನ್ನೇ ಒಂದು ಮಾತಿಗೆ ಮಡಚಿಡುತ್ತಿದ್ದವಳು. ಈಗ ಮುದ್ದೆ ಮುಂದಿಟ್ಟರೆ ತಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತ ಕೂರುತ್ತಿದ್ದಳು. ಸಾರು ಆರಿ ಕೆನೆಗಟ್ಟುತ್ತಿತ್ತು. ತಲೆ ಬಾಚು ಎಂದರೆ ಬಾಚುತ್ತಿರಲಿಲ್ಲ, ನಾನು ಬಾಚಣಿಗೆ ಹಿಡಿದರೆ ಬೇಡ ಎಂದೂ ಅನ್ನುತ್ತಿರಲಿಲ್ಲ. ಅಜ್ಜಿ ತಾಯತ ಕಟ್ಟಿಸಿದಳು, ದೃಷ್ಟಿ ತೆಗೆದಳು, ಒಣಮೆಣಸಿನಕಾಯಿ ಸುಟ್ಟಳು. ಘಾಟಿಗೆ ನಾವೆಲ್ಲ ಕೆಮ್ಮಿದೆವು. ಅಮ್ಮ ಕೆಮ್ಮಿದಂತೆ ನನಗೆ ನೆನಪಿಲ್ಲ. ಅವಳು ಅಂಗಾತ ಮಲಗಿ ಮೇಲೆ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಹಿತ್ತಲಿನ ಹಂಡೆಯ ಒಲೆಗೆ ತೆಂಗಿನ ಸಿಪ್ಪೆ ತುರುಕುತ್ತ ಅಪ್ಪ ಅಜ್ಜಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಬಚ್ಚಲ ಬಾಗಿಲ ಮರೆಯಲ್ಲಿ ಹಲ್ಲುಜ್ಜುತ್ತಿದ್ದೆ.

"ಅವ್ಳು ಆ ಕೊಂಡೀನೇ ನೋಡ್ತಾ ಮಲಗಿರ್ತಾಳಮ್ಮ. ನಂಗೆ ಆಫೀಸ್ನಲ್ಲಿ ಕೂರಕ್ಕಾಗಲ್ಲ. ಫೋನ್ ಬಂದ್ರೆ ನಮ್ಮನೇದೇ ಅನ್ಸತ್ತೆ. ಏನಾದ್ರೂ ಮಾಡ್ಕೊಂಡ್ಬಿಟ್ರೆ…"

"ಬಿಡ್ತು ಅನ್ನು."

"ಕತ್ತರಿಸಿ ಹಾಕುಸ್ತೀನಿ ಅದನ್ನ."

"ಬಿಡ್ತು ಅನ್ನೋ ಮೊದ್ಲು. ತೊಟ್ಟಿಲ ಕೊಂಡಿ ಕತ್ತರಿಸಿದ್ರೆ ವಂಶ ಕತ್ತರಿಸ್ದಂಗೆ. ಅವ್ಳು ಇನ್ನೂ ಹೆರೋ ಹೆಣ್ಣು."

"ಬಿಡ್ತು," ಎಂದ ಅಪ್ಪ.

ನಮ್ಮ ಮನೆಯ ಕಾನೂನು ಅದು. ಕೆಟ್ಟ ಮಾತು ಬಾಯಿಂದ ಜಾರಿದರೆ ತಕ್ಷಣ ಬಿಡ್ತು ಅನ್ನಬೇಕು, ಇಲ್ಲದಿದ್ದರೆ ಅದು ನಡೆದುಬಿಡುತ್ತದೆ. ಹಾಗಾಗಿ ಆ ಭಯವನ್ನು ಯಾರೂ ಪೂರ್ತಿ ಹೇಳಲಿಲ್ಲ. ಅಮ್ಮನನ್ನು, ನಿನಗೇನಾಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಆ ಉತ್ತರ ಮನೆಯೊಳಗೆ ಕೂತುಬಿಡುತ್ತದೆ ಎಂದು ಎಲ್ಲರ ಹೆದರಿಕೆ. ಬದಲಿಗೆ ಅವಳನ್ನು ಕಾಯತೊಡಗಿದೆವು. ಹಗಲು ಅಜ್ಜಿಯ ಪಾಳಿ. ಶಾಲೆಯಿಂದ ಬಂದ ಮೇಲೆ ನನ್ನದು. ಅಪ್ಪ ನನಗೆ ಹೇಳಿದ್ದು ಇಷ್ಟೇ.

"ಮಂಜೂ, ಇನ್ಮೇಲೆ ಆಟಕ್ಕೆ ಹೋಗ್ಬೇಡ. ಹಾಲ್‌ನಲ್ಲೇ ಕೂತ್ಕೊಂಡು ಓದ್ಕೋ."

ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ದುಡಿದು ಪಡೆದದ್ದು. ಓದುವ ಹುಚ್ಚು ಹೇಗೆ ಹತ್ತಿತು ಎಂದು ನನ್ನ ಕಾಲೇಜಿನ ಮಕ್ಕಳು ಕೇಳುತ್ತಾರೆ, ಅಪ್ಪನ ಪ್ರೋತ್ಸಾಹ ಎನ್ನುತ್ತೇನೆ. ಅದು ಸುಳ್ಳೂ ಅಲ್ಲ. ಆದರೆ ನಡೆದದ್ದು ಹೀಗೆ: ಸುಮ್ಮನೆ ಕೂತು ಒಬ್ಬರನ್ನು ನೋಡುತ್ತಿದ್ದರೆ ಅವರಿಗೆ ಗೊತ್ತಾಗುತ್ತದೆ, ಪುಸ್ತಕ ಹಿಡಿದು ಕೂತರೆ ಗೊತ್ತಾಗುವುದಿಲ್ಲ. ಪುಸ್ತಕದ ಮೇಲಂಚಿನಿಂದ ಅಮ್ಮನ ಎದೆ ಏರುವುದು ಇಳಿಯುವುದು ಕಾಣುತ್ತಿತ್ತು. ಒಂದೇ ಪುಟ ಎಷ್ಟು ಹೊತ್ತು ಹಿಡಿದಿರಲಾದೀತು? ತಿರುಗಿಸಬೇಕಲ್ಲ. ತಿರುಗಿಸುತ್ತ ತಿರುಗಿಸುತ್ತ ಸಮಾಜ ಮುಗಿಯಿತು, ವಿಜ್ಞಾನ ಮುಗಿಯಿತು, ಮುಂದಿನ ತರಗತಿಯದನ್ನು ನಂಜಮ್ಮನ ಮಗಳಿಂದ ತಂದು ಅದನ್ನೂ ಮುಗಿಸಿದೆ. ಆ ವರ್ಷ ನಾನು ಕ್ಲಾಸಿಗೇ ಫಸ್ಟ್ ಬಂದೆ. ಮನೆಯಲ್ಲಿ ಯಾರೂ ಗಮನಿಸಲಿಲ್ಲ.

ಒಂದು ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಚಾಪೆಯ ಕಡೆ ನೋಡದೆ ಹೇಳಿದ.

"ಹಾಲ್‌ಗೊಂದು ಶಾಂಡಲಿಯರ್ ತರ್ತೀನಿ ರತ್ನಾ. ಸಾಹೇಬ್ರ ಮನೇಲಿ ನೋಡಿದೀನಿ. ಕೋಣೆಗೊಂದು ಲುಕ್ ಬರತ್ತೆ."

ತೊಟ್ಟಿಲ ಕೊಂಡಿಗೆ ದೀಪವಾ ಎಂದು ಅಜ್ಜಿ ರೇಗಲಿಲ್ಲ, ಅದರಿಂದಲೇ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ನನಗೆ ತಿಳಿಯಿತು. ಅಜ್ಜಿಯನ್ನು ಕಾವಲಿಗೆ ಬಿಟ್ಟು ಅಪ್ಪ ನನ್ನನ್ನು ವಿಲ್ಸನ್ ಗಾರ್ಡನ್ನಿನ ದೀಪದ ಅಂಗಡಿಗೆ ಕರೆದುಕೊಂಡು ಹೋದ. ಅಷ್ಟೊಂದು ಬೆಳಕನ್ನು ಒಂದೇ ಕಡೆ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹಗಲು ಹೊತ್ತಿನಲ್ಲೂ ಎಲ್ಲ ದೀಪ ಉರಿಯುತ್ತಿದ್ದವು. ಅಪ್ಪ ಚಪ್ಪಲಿ ಹೊರಗೆ ಬಿಟ್ಟ. ಒಳಗಿದ್ದವರೆಲ್ಲ ಬೂಟು ಹಾಕಿಕೊಂಡಿರುವುದನ್ನು ನೋಡಿ ಮತ್ತೆ ಹೋಗಿ ಹಾಕಿಕೊಂಡು ಬಂದ.

"ರೂಮ್ ಸೈಜ್ ಎಷ್ಟು ಸಾರ್?" ಸೇಲ್ಸ್‌ನ ಯುವಕ ಕೇಳಿದ.

"ಈ ಕೌಂಟ್ರಿಂದ ಆ ಕನ್ನಡಿ ತನಕ."

"ಹೈಟು?"

"ನಾನು ಕೈಯೆತ್ತಿದ್ರೆ ಮೇಲೊಂದು ಮೊಳ."

"ಹಾಗಾದ್ರೆ ನೇತಾಡೋದು ಬೇಡ ಸಾರ್, ತಲೆಗೆ ಹೊಡೆಯತ್ತೆ. ಸೀಲಿಂಗ್‌ಗೆ ಅಂಟ್ಕೊಂಡಿರೋದು ತೋರಿಸ್ತೀನಿ. ಗೋಡೆ ಹಸಿರಾ? ಹಸಿರಿಗೆ ಹಳದಿ ಬೆಳಕು ಸಖತ್ತಾಗಿರತ್ತೆ."

ಈಗ ಪದ್ಮನಾಭನಗರದ ನನ್ನ ಫ್ಲ್ಯಾಟಿಗೆ ಬಂದಿದ್ದ ಇಂಟೀರಿಯರ್ ಹುಡುಗಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿದಳು. ಸೂರಿನ ಎತ್ತರ ನೋಡಬೇಕು, ಗೋಡೆಯ ಬಣ್ಣ ನೋಡಬೇಕು, ಕೋಣೆಗಿಂತ ದೀಪ ದೊಡ್ಡದಾಗಬಾರದು, ಮೇಡಂ. ಸರಿಯಾದ ಮಾತು. ಅಂದು ಆ ಯುವಕ ಹೇಳಿದ್ದೂ ಸರಿಯಾಗಿಯೇ ಇತ್ತು. ಅಪ್ಪ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡು, ಅವನು ತೋರಿಸಿದ ದೀಪವನ್ನು ಬೆರಳಿನಿಂದ ಮೀಟಿ ಕಿವಿಗೊಟ್ಟು ನಿಂತ.

"ಇದು ಸದ್ದು ಮಾಡಲ್ವಾ?"

"ಇಲ್ಲ ಸಾರ್, ಒಂಚೂರೂ ಮಾಡಲ್ಲ. ಗ್ಯಾರಂಟಿ."

"ಹಾಗಾದ್ರೆ ಬೇಡ."

ಇನ್ನೊಂದನ್ನು ತೋರಿಸಿದ. ಅಪ್ಪ ಅದನ್ನೂ ಮೀಟಿದ. ಅದು ಸಣ್ಣಗೆ ಮಿಡಿಯಿತು.

"ಇದನ್ನ ಬಿಚ್ಚೋದು ಸುಲಭಾನಾ?"

"ಬರೀ ಕೈಯಲ್ಲಿ ಬಿಚ್ಬೋದು. ಹಬ್ಬಕ್ಕೆ ಕ್ಲೀನ್ ಮಾಡೋರಿಗೆ ತುಂಬಾ ಅನುಕೂಲ."

"ಅದೂ ಬೇಡ."

ಯುವಕನಿಗೆ ಸಾಕಾಗಿರಬೇಕು. ನನ್ನ ಕಡೆ ಬಗ್ಗಿ ಕೇಳಿದ.

"ಪಾಪು, ನಿಮ್ಮಪ್ಪಂಗೆ ಬೇಕಾಗಿರೋದು ದೀಪಾನಾ, ಗಿಲಕೀನಾ?"

ಪಕ್ಕದಲ್ಲಿದ್ದ ದಂಪತಿ ನಕ್ಕರು. ನನಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಅಪ್ಪ ಮಾತ್ರ ಅಂಗಡಿಯ ಹಿಂಬದಿಯಲ್ಲಿ ಧೂಳು ಹಿಡಿದು ತೂಗುತ್ತಿದ್ದ ಹಳೇ ಮಾದರಿಯೊಂದರ ಹತ್ತಿರ ಹೋಗಿ ನಿಂತಿದ್ದ. ಚಿನ್ನದ ಬಣ್ಣದ ಕೈಗಳು, ಒಂದೊಂದು ಕೈಯಿಂದಲೂ ದ್ರಾಕ್ಷಿ ಗೊಂಚಲಿನಂತೆ ಇಳಿಬಿದ್ದ ಗಾಜಿನ ಹನಿಗಳು. ಅವನು ಬರೀ ಉಫ್ ಎಂದು ಊದಿದ. ಅದು ಇಡೀ ಅಂಗಡಿಗೆ ಕೇಳುವಂತೆ ಗಿಲಿಗಿಲಿ ಎಂದಿತು. ಅಪ್ಪ ಕಣ್ಣು ಮುಚ್ಚಿಕೊಂಡು, ಅದು ನಿಲ್ಲುವ ತನಕ ಕೇಳಿದ. ಆಗ ನನಗೆ ಅರ್ಥವಾಯಿತು. ಆ ಕೊಂಡಿಗೆ ಯಾರ ಕೈ ಹೋದರೂ ಮನೆಯೆಲ್ಲ ಕೇಳಬೇಕು. ಅಪ್ಪ ಆರಿಸುತ್ತಿದ್ದದ್ದು ಅದನ್ನು.

"ಇದೇ ಕೊಡಿ," ಎಂದ.

ದುಡ್ಡಿನ ವಿಷಯ ಇಲ್ಲಿ ಬೇಡ. ಹೇಗೋ ಹೊಂದಿಸಿದ.

ದೀಪವೇನೋ ಬಂತು. ಕೋಣೆಗೆ ಅದು ಎಷ್ಟು ಹೊಂದಲಿಲ್ಲವೆಂದರೆ, ಮದುವೆ ಮನೆಯ ಆನೆಯನ್ನು ಹಟ್ಟಿಯಲ್ಲಿ ಕಟ್ಟಿದಂತಿತ್ತು. ಅಪ್ಪ ಎದ್ದು ನಿಂತರೆ ಹನಿಗಳು ತಲೆಗೂದಲಿಗೆ ಸಿಕ್ಕಿಕೊಳ್ಳುತ್ತಿದ್ದವು. ಅಜ್ಜಿ ಅದರ ಕೆಳಗೆ ಬಗ್ಗಿಯೇ ಓಡಾಡುತ್ತಿದ್ದಳು. ಅವಳು ಬಗ್ಗುವ ಅಗತ್ಯವೇ ಇರಲಿಲ್ಲ, ಅಷ್ಟು ಕುಳ್ಳಿ. ಹಸಿರು ಗೋಡೆಯ ತುಂಬ ಗಾಜಿನ ನೆರಳು ಹುಳುಗಳಂತೆ ಹರಿದಾಡುತ್ತಿತ್ತು. ಗಲ್ಲಿಯ ಹೆಂಗಸರು ನೋಡಲು ಬಂದರು. ನಂಜಮ್ಮ ಬಾಗಿಲಲ್ಲೇ ನಿಂತು ಮೇಲಿನಿಂದ ಕೆಳಗೆ ಅಳೆದಳು.

"ಏನಜ್ಜೀ, ಸಾರಕ್ಕೀಲೇ ಅರಮನೆ ಆಗೋಯ್ತು. ಕೂಸು ಹೋದ ಮನೇಲಿ ಝೂಮರ್ ಹಾಕೋದು ಯಾವ ಕಡೆ ಶಾಸ್ತ್ರನಮ್ಮ?"

ಹಿಂದಿನ ಅಮ್ಮನಾಗಿದ್ದರೆ ಅವಳ ಬಾಯಿ ಅಲ್ಲೇ ಮುಚ್ಚಿಸುತ್ತಿದ್ದಳು. ಈ ಅಮ್ಮ ಗೋಡೆಯ ಕಡೆ ಮಗ್ಗುಲಾದಳು.

ನೆಮ್ಮದಿ ಬರಲಿ ಎಂದು ತಂದ ದೀಪ ಇದ್ದ ನೆಮ್ಮದಿಯನ್ನೂ ತೆಗೆದುಕೊಂಡು ಹೋಯಿತು. ಹೊರಗೆ ನೀರಿನ ಟ್ಯಾಂಕರ್ ಹೋದರೆ ಅದು ಗಿಲಿಗುಟ್ಟುತ್ತಿತ್ತು. ಕಿಟಕಿ ತೆರೆದರೆ, ಪೊರಕೆಯ ಹಿಡಿ ತಾಗಿದರೆ, ತಾರಸಿಯ ಮೇಲೆ ಬೆಕ್ಕು ಹಾರಿದರೆ ಗಿಲಿಗುಟ್ಟುತ್ತಿತ್ತು. ಒಂದೊಂದು ಸದ್ದಿಗೂ ಅಡುಗೆ ಕೋಣೆಯಲ್ಲಿ ಅಜ್ಜಿಯ ಕೈಯಿಂದ ಸೌಟು ಬೀಳುತ್ತಿತ್ತು. ಬಚ್ಚಲಿನಲ್ಲಿ ಅಪ್ಪ ಚೊಂಬು ಬಿಟ್ಟು ಓಡಿಬರುತ್ತಿದ್ದ. ನಾವೆಲ್ಲ ಬಂದು ಚಾಪೆಯ ಸುತ್ತ ನಿಲ್ಲುತ್ತಿದ್ದೆವು. ಅಮ್ಮ ಮಲಗಿದ್ದಲ್ಲಿಂದಲೇ ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಏನೋ ಹುಡುಕಲು ಬಂದವರಂತೆ ನಟಿಸಿ ಹಿಂತಿರುಗುತ್ತಿದ್ದೆವು. ಶಾಲೆಯಲ್ಲಿ ಗಂಟೆ ಹೊಡೆದರೂ ನಾನು ಬೆಂಚಿನಿಂದ ಎದ್ದುಬಿಡುತ್ತಿದ್ದೆ.

ಒಂದು ಸಂಜೆ ನಾನು ಗಲ್ಲಿಯ ನಲ್ಲಿಯಲ್ಲಿ ಬಿಂದಿಗೆ ಹಿಡಿದಿದ್ದೆ. ಅಜ್ಜಿ ಒಳಗಿದ್ದಾಳೆ ಎಂದು ನಾನು, ನಾನು ಒಳಗಿದ್ದೇನೆ ಎಂದು ಹಿತ್ತಲಲ್ಲಿದ್ದ ಅಜ್ಜಿ. ಆಗ ಅದು ಸದ್ದು ಮಾಡಿತು. ಟ್ಯಾಂಕರಿನದಲ್ಲ, ಬೆಕ್ಕಿನದಲ್ಲ. ನಿಲ್ಲದೆ, ಜೋರಾಗಿ, ಇಡೀ ಗೊಂಚಲನ್ನು ಯಾರೋ ಹಿಡಿದು ಎಳೆದಂತೆ. ಬಿಂದಿಗೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಬಾಗಿಲು ದಾಟುವಾಗ, ಯಾಕೋ, ಬಿಡ್ತು ಬಿಡ್ತು ಎಂದು ಜಪಿಸುತ್ತಿದ್ದೆ. ಅಮ್ಮ ಸ್ಟೂಲಿನ ಮೇಲೆ ನಿಂತಿದ್ದಳು. ಎರಡೂ ಕೈ ಗಾಜಿನೊಳಗೆ. ನಾನು ಅವಳ ಮೊಣಕಾಲುಗಳನ್ನು ತಬ್ಬಿ ಹಿಡಿದೆ. ಮೇಲಿನಿಂದ ಏನೋ ನನ್ನ ನೆತ್ತಿಗೆ ತಾಗಿ ಕೆಳಗೆ ಬಿತ್ತು. ಒಂದು ಗಾಜಿನ ಹನಿ. ಅಮ್ಮ ಹನಿಗಳನ್ನು ಒಂದೊಂದಾಗಿ ಕಿತ್ತು ಸೆರಗಿನ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಬೆರಳು ಕುಯ್ದು ರಕ್ತ ಬಂದಿತ್ತು.

"ಕಾಲು ಬಿಡು, ಬೀಳ್ತೀನಿ," ಎಂದಳು. "ಈ ಸದ್ದು ನಂಗೆ ಸಾಕಾಯ್ತು."

ಬಹಳ ದಿನಗಳ ನಂತರ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ನಾನು ಕಾಲು ಬಿಡಲಿಲ್ಲ. ಅಜ್ಜಿ ಓಡಿಬಂದು ಇನ್ನೊಂದು ಕಡೆಯಿಂದ ಹಿಡಿದಳು. ಅಪ್ಪ ಕೆಲಸದಿಂದ ಬಂದಾಗ ಅಮ್ಮ ಗೋಡೆಗೊರಗಿ ಕೂತಿದ್ದಳು. ಮಡಿಲ ತುಂಬ ಗಾಜು.

"ರೀ, ಕೂತ್ಕೊಳಿ ಇಲ್ಲಿ. ಒಂದು ಕೇಳ್ತೀನಿ. ನೀವು ಈ ಕೋಣೆಗೆ ಹೊಂದೋ ದೀಪ ತಂದ್ರಾ, ನನ್ನ ಕೊರಳಿಗೆ ಹೊಂದೋ ಗಂಟೆ ತಂದ್ರಾ?"

"ಏನ್ ಮಾತು ಅಂತ ಆಡ್ತೀಯ ರತ್ನಾ."

"ಹಸುಗೆ ಕಟ್ತಾರಲ್ಲ, ಎಲ್ಲಿ ಹೋದ್ರೂ ಗೊತ್ತಾಗ್ಲಿ ಅಂತ. ಹಾಗೆ ಕಟ್ಟಿದೀರ. ಒಂದೊಂದ್ಸಲ ಅದು ಅಲ್ಲಾಡಿದಾಗ್ಲೂ ಎಲ್ರೂ ಬಂದು ನನ್ ಮುಖ ನೋಡ್ತೀರ. ನಾನು ಸತ್ತಿದೀನಾ ಅಂತ ನೋಡ್ತೀರ."

"ಬಿಡ್ತು ಅನ್ನು, ಬಿಡ್ತು ಅನ್ನು ತಾಯಿ," ಅಜ್ಜಿ ಕಿವಿ ಮುಚ್ಚಿಕೊಂಡಳು.

"ಅನ್ನಲ್ಲ ಅತ್ತೆ. ಇವತ್ತು ಅನ್ನಲ್ಲ."

ಅಪ್ಪ ತಲೆ ತಗ್ಗಿಸಿ ಕೂತ. ಅಮ್ಮ ಸೆರಗಿನ ಗಾಜನ್ನು ಮೊರಕ್ಕೆ ಸುರಿದು, ಬೆರಳು ಬಾಯಲ್ಲಿಟ್ಟುಕೊಂಡು, ಮೇಲೆ ನೋಡಿದಳು.

"ನಾಳೆ ರಜ ಹಾಕಿ. ನಾನೂ ಬರ್ತೀನಿ. ಇದನ್ನ ಕೊಟ್ಟು ಬೇರೆ ತರೋಣ."

ಮರುದಿನ ಬೆಳಿಗ್ಗೆ ಆ ಗೊಂಚಲನ್ನು ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿಕೊಂಡು, ಹನಿಗಳನ್ನು ಬೇರೆ ಚೀಲದಲ್ಲಿ ಹಾಕಿಕೊಂಡು ಮೂವರೂ ಹೊರಟೆವು. ನನಗೆ ಶಾಲೆಯಿತ್ತು, ಆದರೆ ನಾನು ಅಮ್ಮನ ಸೆರಗು ಬಿಡಲಿಲ್ಲ. ಅದೇ ಯುವಕ ಗಂಟು ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡ.

"ಏನ್ ಸಾರ್ ಇದು, ಕೋಳಿ ತರಿದಂಗೆ ತರಿದಿದೀರ. ನಾನು ಅವತ್ತೇ ಹೇಳ್ಲಿಲ್ವಾ?"

"ನೀವು ಹೇಳಿದ್ರಪ್ಪ. ಇವ್ರು ಕೇಳ್ಲಿಲ್ಲ," ಎಂದಳು ಅಮ್ಮ. ಮಾಲೀಕರು ಬಂದು, ಗೊಣಗಿ, ಬದಲಿಗೆ ಚಿಕ್ಕದನ್ನು ಕೊಡಲು ಒಪ್ಪಿದರು.

ಅಮ್ಮ ಅಂಗಡಿಯೊಳಗೆ ನಿಧಾನವಾಗಿ ನಡೆದಳು. ಬಹಳ ದಿನ ಮಲಗಿದ್ದ ಕಾಲು, ನಡುನಡುವೆ ಕೌಂಟರ್ ಹಿಡಿದುಕೊಳ್ಳುತ್ತಿದ್ದಳು. ಅಪ್ಪನಂತೆ ಯಾವುದನ್ನೂ ಮೀಟಲಿಲ್ಲ. ಕೆಳಗೆ ನಿಂತು ಮುಖವೆತ್ತಿ ನೋಡುತ್ತಿದ್ದಳು, ಮನೆಯಲ್ಲಿ ನೋಡುತ್ತಿದ್ದ ಹಾಗೆಯೇ. ಕೊನೆಗೆ ಬೋಗುಣಿಯನ್ನು ಬೋರಲು ಹಾಕಿದಂತಿದ್ದ, ಹಾಲುಬಣ್ಣದ ಗಾಜಿನ ದೀಪವೊಂದರ ಕೆಳಗೆ ನಿಂತಳು.

"ಇದ್ರ ಬೆಳಕು ಮೂಲೆಗೂ ಬೀಳತ್ತಾ? ಇವ್ಳು ಕೂತ್ಕೊಂಡು ಓದ್ತಾಳೆ."

"ಚೆನ್ನಾಗಿ ಬೀಳತ್ತೆ ಆಂಟಿ."

"ಇದನ್ನ ಹಾಕಿದ್ರೆ ಮೇಲಿರೋ ಕೊಂಡಿ ಕಾಣತ್ತಾ?"

"ಪೂರ್ತಿ ಮುಚ್ಚೋಗತ್ತೆ. ಕೊಂಡಿ ಇದೆ ಅಂತಾನೇ ಗೊತ್ತಾಗಲ್ಲ."

"ಕಾಣ್ಬಾರ್ದು," ಎಂದಳು ಅಮ್ಮ. ಅಪ್ಪನ ಕಡೆ ತಿರುಗಿ ಮತ್ತೊಮ್ಮೆ ಹೇಳಿದಳು. "ನಂಗೆ ಅದು ಕಾಣ್ಬಾರ್ದು ಕಣ್ರೀ."

ಅಪ್ಪನ ಕೈ ತಾನಾಗಿ ಮೇಲೆ ಹೋಯಿತು. ಬೆರಳಿನಿಂದ ಗಾಜನ್ನು ಮೀಟಿದ. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಮೀಟಿದ. ಯುವಕ ಹೆಮ್ಮೆಯಿಂದ, ಗುಂಡು ಕಲ್ಲಿನ ಥರ ಸಾರ್, ಎಂದ. ಅಪ್ಪ ಅಮ್ಮನನ್ನು ನೋಡಿದ. ಸದ್ದಿಲ್ಲದ ದೀಪವನ್ನು ಮನೆಗೆ ಒಯ್ದರೆ ನಾಳೆ ಆಫೀಸಿನಲ್ಲಿ ಹೇಗೆ ಕೂರುವುದು ಎಂದು ಅವನು ಲೆಕ್ಕ ಹಾಕುತ್ತಿದ್ದಾನೆಂದು ನನಗೆ ಗೊತ್ತಿತ್ತು. ಯಾಕೆಂದರೆ ಶಾಲೆಯಲ್ಲಿ ಹೇಗೆ ಕೂರುವುದು ಎಂದು ನಾನೂ ಹಾಕುತ್ತಿದ್ದೆ. ಹಿಂದೆ ಬಂದ ಗಿರಾಕಿಗಳು, ಸ್ವಲ್ಪ ಜಾಗ ಬಿಡಿ ಎಂದರು. ಅಪ್ಪ ಜಾಗ ಬಿಡಲಿಲ್ಲ. ಮೂರನೇ ಸಲ ಮೀಟಲು ಎತ್ತಿದ ಕೈ ಇಳಿಸಿ ಹೇಳಿದ.

"ಪ್ಯಾಕ್ ಮಾಡಿ."

ಬಸ್ಸಿನಲ್ಲಿ ಮುಂದಿನ ಸೀಟು ಅಮ್ಮನಿಗೂ ನನಗೂ ಸಿಕ್ಕಿತು. ಅವಳ ತೊಡೆಯ ಮೇಲೆ ದೀಪದ ಡಬ್ಬ. ಅಪ್ಪ ಪಕ್ಕದಲ್ಲೇ ಕಂಬಿ ಹಿಡಿದು ನಿಂತ. ಹೆಂಗಸರ ಜಾಗ, ಹಿಂದಕ್ಕೆ ಹೋಗಿ ಎಂದು ಕಂಡಕ್ಟರ್ ಹೇಳಿದ. ಅಪ್ಪ ಕೇಳಿಸದವನಂತೆ ನಿಂತ. ಬಗ್ಗಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದ, ಆದರೆ ನಡುವೆ ನಾನಿದ್ದೆನಲ್ಲ, ನನಗೂ ಕೇಳಿತು.

"ನಂಗೆ ಭಯ ಆಗತ್ತೆ ರತ್ನಾ."

"ನಂಗೂ," ಎಂದಳು ಅಮ್ಮ. ಡಬ್ಬವನ್ನು ಹತ್ತಿರ ಎಳೆದುಕೊಂಡು, "ನಂಗೆ ನಿಮಗಿಂತ ಜಾಸ್ತಿ ಆಗತ್ತೆ. ಕಾಯ್ಬೇಡಿ ನನ್ನ. ಕಾದ್ರೆ ಹೋಗಲ್ಲ ಅದು."

ವಿಲ್ಸನ್ ಗಾರ್ಡನ್ ಬಿಟ್ಟ ಬಸ್ಸು ಹೊಸೂರು ರಸ್ತೆಯಲ್ಲಿ, ಮನಸ್ಸಿನ ಕಾಯಿಲೆಯವರ ದೊಡ್ಡ ಆಸ್ಪತ್ರೆಯ ಮುಂದೆ ನಿಲ್ಲುತ್ತದೆ. ನಮ್ಮ ಕಡೆಯವರು ಯಾರೂ ಆ ಸ್ಟಾಪಿನ ಹೆಸರು ಹೇಳಿ ಟಿಕೆಟ್ ಕೇಳುತ್ತಿರಲಿಲ್ಲ. ಹೋಗಲೇಬೇಕಾದವರು ಮುಂದಿನ ಸ್ಟಾಪಿಗೆ ತೆಗೆದುಕೊಂಡು, ತಲೆಗೆ ಸೆರಗು ಹೊದ್ದು ಹಿಂದಕ್ಕೆ ನಡೆದು ಬರುತ್ತಿದ್ದರು. ಬಸ್ಸು ನಿಂತಿತು. ಇಳಿಯುವವರು ಇಳಿದರು. ಕಂಡಕ್ಟರ್ ಸೀಟಿ ಬಾಯಿಗಿಡುವಾಗ ಅಮ್ಮ ಡಬ್ಬ ಎತ್ತಿಕೊಂಡು ಎದ್ದಳು.

"ನಿಮ್ದು ಸಾರಕ್ಕಿ ಅಲ್ವೇನಮ್ಮ?"

"ಇಲ್ಲೇ ಇಳೀತೀವಿ."

ಅವಳು ಇಳಿದಳು. ನಾವು ಅವಳ ಹಿಂದೆ ಇಳಿದೆವು. ಮರಗಳ ಕೆಳಗೆ ದೂರದೂರದ ಊರುಗಳಿಂದ ಬಂದ ಜನ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಗೇಟಿನಲ್ಲಿ ಖಾಕಿ ತೊಟ್ಟ ಕಾವಲುಗಾರ ನಮ್ಮ ಮೂವರನ್ನೂ, ದೀಪದ ಡಬ್ಬವನ್ನೂ ನೋಡಿದ. ಯಾರಿಗೆ ಏನಾಗಿದೆ ಎಂದು ಅವನಿಗೆ ತಿಳಿಯಲಿಲ್ಲ. ಅಪ್ಪನ ಮುಖವೇ ನಮ್ಮೆಲ್ಲರದಕ್ಕಿಂತ ಕೆಟ್ಟುಹೋಗಿತ್ತು.

"ಪೇಷಂಟ್ ಯಾರು?"

ಅಪ್ಪ ಬಾಯಿ ತೆರೆದ. ಅವನಿಂದ ಮಾತು ಹೊರಡುವ ಮೊದಲೇ ಅಮ್ಮ ಡಬ್ಬವನ್ನು ಅವನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಗಲ್ಲಿಯ ನಲ್ಲಿಯಲ್ಲಿ ಮಾತಾಡುವಷ್ಟು ಗಟ್ಟಿಯಾಗಿ ಹೇಳಿದಳು.

"ನಾನೇ."